ಆಟೋಟೂಲ್ಸ್ ಬಿಡೋದು ಗ್ಯಾರಂಟಿ. ಸಿಮೇಕ್‌ಗೆ ಹೋಗೋದಾ, ಮೆಸನ್‌ಗೆ ಹೋಗೋದಾ?

ಲಿಪಿಕಾರ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಗೆಳೆಯರೊಬ್ಬರೂ ಸೇರಿ ಬಿಡುವಿದ್ದಾಗ ನೋಡಿಕೊಳ್ಳುವ ಮುಕ್ತ ತಂತ್ರಾಂಶ ಒಂದಿದೆ. ನುಡಿ, ಬರಹ ಕಾಲದ ಆಸ್ಕಿ ಫಾಂಟುಗಳಲ್ಲಿ ಟೈಪಾಗಿ ಕೂತಿರುವ ಪಠ್ಯವನ್ನು ಯೂನಿಕೋಡ್‌ಗೆ ತರೋದು ಅದರ ಕೆಲಸ. ಸಿ++ನಲ್ಲಿ ಒಂದು ಲೈಬ್ರರಿ, ಅದನ್ನು ಬಳಸುವ ಒಂದು ಕಮಾಂಡ್ ಲೈನ್ ಟೂಲು, ಕ್ಯೂಟಿ 6ರಲ್ಲಿ (ವಿಂಡೋ ಆ್ಯಪು ಕಟ್ಟುವ ಟೂಲ್‌ಕಿಟ್ಟು) ಮಾಡಿದ ಸಣ್ಣ ವಿಂಡೋ ಆ್ಯಪು. ಎಡಗಡೆ ಹಳೇ ಪಠ್ಯ, ಬಲಗಡೆ ಯೂನಿಕೋಡ್ ಪ್ರಿವ್ಯೂ, ಅಷ್ಟೇ. ಅವಲಂಬನೆಗಳು, ಅಂದರೆ ನಾವು ಬಳಸುವ ಬೇರೆಯವರ ಲೈಬ್ರರಿಗಳು: ಯೂನಿಕೋಡ್ ಪಠ್ಯದ ಕೆಲಸಕ್ಕೆ ಐಸಿಯು, ಅಕ್ಷರ ಜೋಡಿಸೋಕೆ ಹಾರ್ಫ್‌ಬಜ್, ಫಾಂಟ್ ಬಿಡಿಸೋಕೆ ಫ್ರೀಟೈಪ್.

ಸೋರ್ಸ್ ಕೋಡಿನಿಂದ ಓಡುವ ಪ್ರೋಗ್ರಾಂ ಕಟ್ಟುವ (ಬಿಲ್ಡ್ ಮಾಡುವ) ವ್ಯವಸ್ಥೆಯ ಈಗಿನ ಸ್ಥಿತಿ ಹೀಗಿದೆ. ಲಿನಕ್ಸ್‌ಗೆ ಆಟೋಟೂಲ್ಸ್ (ಆಟೋಕಾನ್ಫ್, ಲಿಬ್‌ಟೂಲ್ ಮುಂತಾದ ಹಳೇ ಬಿಲ್ಡ್ ಟೂಲುಗಳ ಗುಂಪು). ವಿಂಡೋಸ್‌ಗೆ ಕೈಯಲ್ಲಿ ತಿದ್ದುವ ವಿಷುಯಲ್ ಸ್ಟುಡಿಯೊ ಪ್ರಾಜೆಕ್ಟ್ ಫೈಲು. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಹಾಕಿಕೊಂಡು ದೇವರ ಮೇಲೆ ಭಾರ. ಹೊಸ ಸೋರ್ಸ್ ಫೈಲು ಸೇರಿಸಿದಾಗಲೆಲ್ಲ ಒಂದು ಕಡೆ ಸೇರಿ ಇನ್ನೊಂದು ಕಡೆ ಬಿಟ್ಟುಹೋಗುತ್ತೆ. ಈಗ ಆಂಡ್ರಾಯ್ಡ್ ಆ್ಯಪ್ ಮಾಡುವವರೊಬ್ಬರು ನಮ್ಮ ಲೈಬ್ರರಿ ಬೇಕು ಅಂತಿದ್ದಾರೆ. ನಾಲ್ಕಕ್ಕೂ ಒಂದೇ ಬಿಲ್ಡ್ ವ್ಯವಸ್ಥೆ ಇಟ್ಟುಕೊಳ್ಳೋಣ ಅಂತ ಹೊರಟಿದ್ದೇವೆ.

ಅದಕ್ಕಿರುವ ಟೂಲುಗಳಲ್ಲಿ ನನಗೆ ಮೆಸನ್ ಇಷ್ಟ, ಓದಿದರೆ ಅರ್ಥ ಆಗುತ್ತೆ. ಗೆಳೆಯರಿಗೆ ಸಿಮೇಕ್. ಇಬ್ಬರೂ ಜಗಳ ಆಡಿ ಆಯ್ತು. ಎರಡನ್ನೂ ನಿಜವಾದ ಪ್ರಾಜೆಕ್ಟ್‌ಗಳಲ್ಲಿ ಬಳಸಿದವರು ಹೇಳಿ.

ಹಳೇಮೇಕು

ಆಟೋಟೂಲ್ಸನ್ನು ಬೈಯೋದು ಈಗ ಫ್ಯಾಷನ್ನು, ಹಾಗಾಗಿ ಮೊದಲು ಅದರ ಪರವಾಗಿ ಎರಡು ಮಾತು.

ಮೇಕ್ ಬಂದದ್ದು 1976ರಲ್ಲಿ, ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಯಾವ ಫೈಲು ಬದಲಾಯ್ತು, ಅದಕ್ಕೆ ತಕ್ಕಂತೆ ಯಾವುದನ್ನು ಮತ್ತೆ ಕಟ್ಟಬೇಕು ಅನ್ನೋದು ಮಾತ್ರ ಅದಕ್ಕೆ ಗೊತ್ತು. ಈ ಯಂತ್ರದಲ್ಲಿ ಏನಿದೆ, ಏನಿಲ್ಲ ಅನ್ನೋದು ಗೊತ್ತಿಲ್ಲ. 1991ರಲ್ಲಿ ಡೇವಿಡ್ ಮೆಕೆಂಜಿ ಆಟೋಕಾನ್ಫ್ ಶುರು ಮಾಡಿದಾಗ ಸನ್‌ಒಎಸ್, ಎಚ್‌ಪಿ-ಯುಎಕ್ಸ್, ಐರಿಕ್ಸ್, ಎಐಎಕ್ಸ್ ಅಂತ ಒಂದೊಂದು ಯುನಿಕ್ಸೂ ಒಂದೊಂದು ಥರ ಇತ್ತು. ಆಟೋಕಾನ್ಫ್ ಮಾಡಿದ ಜಾಣತನ ಇದು: "ನೀನು ಯಾವ ಒಎಸ್?" ಅಂತ ಕೇಳಲಿಲ್ಲ. "ಈ ಫಂಕ್ಷನ್ ನಿನ್ನ ಹತ್ತಿರ ಇದೆಯಾ?" ಅಂತ ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿ ನೋಡಿತು. ಬಳಸುವವನಿಗೆ ಶೆಲ್ಲು, ಮೇಕು, ಕಂಪೈಲರ್ ಇದ್ದರೆ ಸಾಕು, ಬೇರೇನೂ ಇನ್‌ಸ್ಟಾಲ್ ಮಾಡೋದು ಬೇಡ. ಇವತ್ತಿನ ಯಾವ ಹೊಸ ಟೂಲೂ ಆ ಮಾತು ಕೊಡಲ್ಲ. ಮೆಸನ್‌ಗೆ ಪೈಥಾನ್ ಬೇಕು, ಸಿಮೇಕ್‌ಗೆ ಸಿಮೇಕೇ ಬೇಕು.

ಆದರೆ ಲಿಪಿಕಾರರೇ, ನಿಮಗೆ ಐರಿಕ್ಸ್ ಬೇಕಿಲ್ಲವಲ್ಲ. ಹೊಸದಕ್ಕೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಆಟೋಕಾನ್ಫ್ ತಯಾರಿಸುವ ನಿಮ್ಮ ಕಾನ್ಫಿಗರ್ ಸ್ಕ್ರಿಪ್ಟು ಏನೇನು ತಪಾಸಣೆ ಮಾಡುತ್ತೋ ಪಟ್ಟಿ ತೆಗೆಯಿರಿ. "ಹ್ಯಾವ್" ಅಂತ ಶುರುವಾಗುವ ಮ್ಯಾಕ್ರೋಗಳಲ್ಲಿ (ತಪಾಸಣೆಯ ಉತ್ತರ ಇಟ್ಟಿರುವ ಹೆಸರುಗಳು) ಕೋಡ್ ಒಳಗೆ ನಿಜವಾಗಿ ಬಳಕೆಯಾಗಿರುವುದು ಎಷ್ಟು ಅಂತ ಗ್ರೆಪ್ ಹೊಡೆದು (ಹುಡುಕಿ) ನೋಡಿ. ಹಳೇ ಪ್ರಾಜೆಕ್ಟ್‌ಗಳಲ್ಲಿ ಮುಕ್ಕಾಲು ಪಾಲು ಯಾರೂ ಕೇಳದ ಪ್ರಶ್ನೆಗೆ ಉತ್ತರ ಆಗಿರುತ್ತೆ. ಮೊದಲು ಅದನ್ನೆಲ್ಲ ಕಿತ್ತುಹಾಕಿ. ಉಳಿದದ್ದು ಯಾವ ವ್ಯವಸ್ಥೆಗೆ ಹೋದರೂ ಒಂದು ಮಧ್ಯಾಹ್ನದ ಕೆಲಸ.

ಪ್ಯಾಕೇಜುಪೆಟ್ಟಿಗೆ

ಹಳೇಮೇಕು ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಒಂದು ಲಿನಕ್ಸ್ ವಿತರಣೆಗೆ ಪ್ಯಾಕೇಜ್ ಮಾಡುವವಳು. ಆ ತಪಾಸಣೆಗಳು ಬರೀ ಹಳೆಯವಲ್ಲ, ಈಗ ಅಪಾಯಕಾರಿ ಕೂಡ.

2024ರ ಮೇನಲ್ಲಿ ಜಿಸಿಸಿ ಕಂಪೈಲರ್‌ನ 14ನೇ ಆವೃತ್ತಿ ಬಂತು. ಘೋಷಣೆ ಮಾಡದ ಫಂಕ್ಷನ್ ಕರೆದರೆ ಮೊದಲು ಎಚ್ಚರಿಕೆ ಕೊಟ್ಟು ಸುಮ್ಮನಿರುತ್ತಿತ್ತು, ಈಗ ದೋಷ. ಹಳೇ ಕಾನ್ಫಿಗರ್ ಸ್ಕ್ರಿಪ್ಟುಗಳ ಪರೀಕ್ಷಾ ಪ್ರೋಗ್ರಾಂಗಳಲ್ಲಿ ಹೆಡರ್ ಸೇರಿಸದೇ ಎಕ್ಸಿಟ್ ಕರೆದಿರುವುದು ಬೇಕಾದಷ್ಟಿದೆ. ಏನಾಗುತ್ತೆ? ಪರೀಕ್ಷೆ ಕಂಪೈಲ್ ಆಗಲ್ಲ. ಕಾನ್ಫಿಗರ್ "ಈ ಸೌಲಭ್ಯ ಇಲ್ಲ" ಅಂತ ಬರೆದುಕೊಂಡು ಮುಂದೆ ಹೋಗುತ್ತೆ. ಬಿಲ್ಡ್ ಪಾಸು! ಒಳಗೆ ಒಂದು ಸೌಲಭ್ಯ ಆಫ್ ಆಗಿ ಕೂತಿರುತ್ತೆ, ಯಾರಿಗೂ ಗೊತ್ತಾಗಲ್ಲ. ಬಿಲ್ಡ್ ಮುರಿದರೆ ನಮಗೆ ಸುಲಭ, ಮುರಿಯದೇ ಕೆಡುವುದೇ ಕಷ್ಟ.

ಇನ್ನು ನಮ್ಮಂಥ ಪ್ಯಾಕೇಜರುಗಳ ಬೇಡಿಕೆ ಇಷ್ಟೇ. ಇನ್‌ಸ್ಟಾಲ್ ಜಾಗಗಳನ್ನು ನಾವು ಹೇಳಿದಲ್ಲಿಗೆ ಹಾಕಿ. ಬಿಲ್ಡ್ ಸಮಯದಲ್ಲಿ ಇಂಟರ್‌ನೆಟ್‌ನಿಂದ ಏನನ್ನೂ ಇಳಿಸಬೇಡಿ. ನಿಮ್ಮ ಲೈಬ್ರರಿ ಎಲ್ಲಿದೆ ಅಂತ ಬೇರೆ ಬಿಲ್ಡ್‌ಗಳಿಗೆ ಹೇಳುವ ಪಿಕೆಜಿ-ಕಾನ್ಫಿಗ್ ಫೈಲು ಕೊಡಿ. ಮೆಸನ್ ಆಗಲಿ ಸಿಮೇಕ್ ಆಗಲಿ, ನಮಗೆ ಎರಡೂ ಒಂದೇ.

ಹೊಸಬ_ಬೆಂಗ್ಳೂರು

ಕ್ಷಮಿಸಿ, ನಾನು ಇನ್ನೂ ಇಂಜಿನಿಯರಿಂಗ್ ಓದ್ತಿರೋನು. ಒಂದು ದಡ್ಡ ಪ್ರಶ್ನೆ. ಸಿಮೇಕ್, ಮೆಸನ್, ನಿಂಜ, ಮೇಕ್ ಎಲ್ಲ ಒಂದೇ ಸಾಲಿನವಾ? ಬೇಜಲ್ ಅಂತ ಗೂಗಲ್‌ನವರದ್ದೂ ಇದೆಯಲ್ಲ, ಅದನ್ನ ಯಾಕೆ ಯಾರೂ ಹೇಳ್ತಿಲ್ಲ?

ಮ್ಯೂನಿಕ್_ಮೈಸೂರು

ದಡ್ಡ ಪ್ರಶ್ನೆ ಏನಲ್ಲ ತಮ್ಮಾ, ಕೆಲಸಕ್ಕೆ ಸೇರಿ ವರ್ಷಗಳಾದವರೂ ಇದನ್ನು ಕಲಸಿಕೊಳ್ಳುತ್ತಾರೆ.

ಎರಡು ಹಂತ ಇವೆ. ಮೊದಲನೇ ಹಂತ ಕಾನ್ಫಿಗರ್ ಮಾಡೋದು: ಯಾವ ಕಂಪೈಲರ್, ಯಾವ ಲೈಬ್ರರಿ ಎಲ್ಲಿದೆ, ಯಾವ ಆಯ್ಕೆ ಆನ್, ಯಾವುದು ಆಫ್. ಎರಡನೇ ಹಂತ ಕಟ್ಟೋದು: ಬದಲಾದ ಫೈಲುಗಳನ್ನು ಸರಿಯಾದ ಕ್ರಮದಲ್ಲಿ ಕಂಪೈಲ್ ಮಾಡೋದು. ಮೇಕ್, ನಿಂಜ ಎರಡನೇ ಹಂತದವು. ಸಿಮೇಕ್, ಮೆಸನ್ ಮೊದಲನೇ ಹಂತದವು. ಇವು ಕೊನೆಗೆ ನಿಂಜ ಫೈಲನ್ನೋ ವಿಷುಯಲ್ ಸ್ಟುಡಿಯೊ ಪ್ರಾಜೆಕ್ಟನ್ನೋ ಬರೆದುಕೊಟ್ಟು ಪಕ್ಕಕ್ಕೆ ಸರಿಯುತ್ತವೆ. ನಿಂಜವನ್ನು ಇವಾನ್ ಮಾರ್ಟಿನ್ ಕ್ರೋಮ್ ಬ್ರೌಸರ್‌ಗಾಗಿ ಬರೆದದ್ದು. ಅದರ ಫೈಲನ್ನು ಮನುಷ್ಯರು ಬರೆಯಬೇಕು ಅನ್ನೋ ಉದ್ದೇಶವೇ ಇಲ್ಲ, ಬೇರೆ ಟೂಲು ಬರೆದುಕೊಡಲಿ ಅಂತಲೇ ಮಾಡಿದ್ದು. ಹಾಗಾಗಿ "ಸಿಮೇಕ್ ನಿಧಾನ, ನಿಂಜ ಫಾಸ್ಟ್" ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗು.

ಬೇಜಲ್ 2015ರಲ್ಲಿ ಗೂಗಲ್ ಮುಕ್ತವಾಗಿ ಬಿಟ್ಟದ್ದು. ಒಂದೇ ದೊಡ್ಡ ರೆಪೊಸಿಟರಿ, ನೂರಾರು ಜನ, ಫಲಿತಾಂಶವನ್ನು ಹಂಚಿಕೊಳ್ಳುವ ಕ್ಯಾಶ್ ಸರ್ವರು, ಅದನ್ನೆಲ್ಲ ನೋಡಿಕೊಳ್ಳೋಕೆ ಬೇರೆಯದೇ ತಂಡ, ಇಷ್ಟಿದ್ದ ಕಡೆ ಅದರ ಮುಂದೆ ಯಾರೂ ನಿಲ್ಲಲ್ಲ. ಇಬ್ಬರು ನಡೆಸುವ ಲೈಬ್ರರಿಗೆ ಬೇಡ. ಐಸಿಯು, ಹಾರ್ಫ್‌ಬಜ್ ಎಲ್ಲಕ್ಕೂ ಬೇಜಲ್ ಭಾಷೆಯಲ್ಲಿ ಫೈಲು ಹುಡುಕಿಕೊಂಡೋ ಬರೆದುಕೊಂಡೋ ಕೂರಬೇಕಾಗುತ್ತೆ.

ಹುಬ್ಳಿ_ಹುಡ್ಗ

ಎಲ್ರೂ ಲಿನಕ್ಸ್ ಬಗ್ಗೆನ ಮಾತಾಡಾಕತ್ತೀರಿ. ಲಿಪಿಕಾರ ಅವರ, ನಿಮ್ಮ ತಂತ್ರಾಂಶ ಬಳಸೋರು ಯಾರು ಹೇಳ್ರಿ? ಪ್ರೆಸ್ಸಿನವ್ರು, ಡಿಟಿಪಿ ಮಾಡೋರು, ಸರ್ಕಾರಿ ಕಚೇರಿಯವ್ರು. ನೂರಕ್ಕ ತೊಂಬತ್ತು ಮಂದಿ ವಿಂಡೋಸ್ ಮ್ಯಾಲೆ ಇರ್ತಾರ. ನಿಮಗ ಪ್ಯಾಚ್ ಕಳಸಬೇಕು ಅನ್ನೋ ಹುಡುಗ್ರೂ ವಿಷುಯಲ್ ಸ್ಟುಡಿಯೊ ತಗದು ಕೂತಿರ್ತಾರ. ವಿಷುಯಲ್ ಸ್ಟುಡಿಯೊ 2017ರಿಂದ ಸಿಮೇಕ್ ಫೋಲ್ಡರನ್ನ ನೇರ ತಗಿತೈತಿ, ಸಿಮೇಕ್ ಅದರ ಜೋಡಿನ ಬರ್ತೈತಿ. ಮೆಸನ್ ಅಂದ್ರ ಮೊದಲು ಪೈಥಾನ್ ಹಾಕ್ರಿ, ಆಮ್ಯಾಲೆ ಮೆಸನ್ ಹಾಕ್ರಿ ಅಂತ ಹೇಳಬೇಕಾಗತೈತಿ. ಅಷ್ಟರಾಗ ಆ ಹುಡುಗ ಬ್ಯಾರೆ ಕೆಲಸಕ್ಕ ಹೋಗಿರ್ತಾನ.

ನಾ ಸಿಮೇಕ್ ಭಾಷಾ ಚಂದ ಐತಿ ಅಂತ ಹೇಳಾಂಗಿಲ್ಲ. ಭಾಳ ಕೆಟ್ಟ ಐತಿ. ಎಲ್ಲಾ ಸ್ಟ್ರಿಂಗು, ಲಿಸ್ಟ್ ಅಂದ್ರೂ ಅರ್ಧವಿರಾಮ ಹಾಕಿದ ಸ್ಟ್ರಿಂಗು. ಆದ್ರೂ ಅದನ್ನ ಬರಿಯೋರು ನೀವಿಬ್ಬರ, ಬಳಸೋರು ಉಳಿದವ್ರು. ಯಾರ ತ್ರಾಸು ನೋಡಬೇಕು ನೀವ ಹೇಳ್ರಿ.

ಲಿಪಿಕಾರ

ಹುಬ್ಬಳ್ಳಿಯವರೇ, ನಿಮ್ಮ ಕೊನೇ ಸಾಲಿಗೆ ನನ್ನ ಗೆಳೆಯರು ಇಲ್ಲಿ ಕುಣಿಯುತ್ತಿದ್ದಾರೆ. ಆದರೂ ಮೆಸನ್ ಪರ ಯಾರಾದರೂ ಮಾತಾಡಲಿ, ಪೋಸ್ಟ್‌ಗ್ರೆಸ್ (ಡೇಟಾಬೇಸ್), ಸಿಸ್ಟಂಡಿ, ಕ್ಯೂಎಂಯು ಥರದ ದೊಡ್ಡ ಪ್ರಾಜೆಕ್ಟ್‌ಗಳೆಲ್ಲ ಅದಕ್ಕೆ ಸುಮ್ಮನೆ ಹೋಗಿರಲಾರವು.

ಮ್ಯೂನಿಕ್_ಮೈಸೂರು

ನಾನು ಮಾತಾಡುತ್ತೇನೆ. ಇಲ್ಲಿ ಕೆಲಸದಲ್ಲಿ ಎಂಬೆಡೆಡ್ ಬೋರ್ಡುಗಳಿಗೆ ಕ್ರಾಸ್ ಕಂಪೈಲ್ (ಒಂದು ಯಂತ್ರದಲ್ಲಿ ಕಟ್ಟಿ ಬೇರೆ ಥರದ ಯಂತ್ರದಲ್ಲಿ ಓಡಿಸೋದು) ಮಾಡೋದೇ ನನ್ನ ದಿನಚರಿ.

ಮೆಸನ್ ಶುರು ಮಾಡಿದ್ದು ಫಿನ್ಲೆಂಡಿನ ಯುಸ್ಸಿ ಪಕ್ಕನೆನ್, ಮೊದಲ ಬಿಡುಗಡೆ 2013ರಲ್ಲಿ. ಅದರ ಭಾಷೆಯಲ್ಲಿ ಬೇಕಂತಲೇ ಕೆಲವು ಇಲ್ಲ. ನಿಮ್ಮದೇ ಫಂಕ್ಷನ್ ಬರೆಯೋಕಾಗಲ್ಲ. ಫೋಲ್ಡರಿನಲ್ಲಿರುವ ಫೈಲನ್ನೆಲ್ಲ ನಕ್ಷತ್ರ ಹಾಕಿ ಬಾಚಿಕೊಳ್ಳೋಕಾಗಲ್ಲ, ಒಂದೊಂದರ ಹೆಸರೂ ಬರೆಯಬೇಕು. ಮೊದಲು ಸಿಟ್ಟು ಬರುತ್ತೆ. ಆಮೇಲೆ ಬೇರೆಯವರ ಪ್ರಾಜೆಕ್ಟ್ ತೆರೆದಾಗ ಅದರ ಬೆಲೆ ಗೊತ್ತಾಗುತ್ತೆ: ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದು. ಸಿಮೇಕ್‌ನಲ್ಲಿ ಪ್ರತಿ ಕಂಪನಿಯೂ ತನ್ನದೇ ಮ್ಯಾಕ್ರೋಗಳ ಒಂದು ಸಣ್ಣ ರಾಜ್ಯ ಕಟ್ಟಿಕೊಂಡಿರುತ್ತೆ, ಒಳಗೆ ಹೋಗೋಕೆ ವೀಸಾ ಬೇಕು.

ಕ್ರಾಸ್ ಕಂಪೈಲಿಂಗ್ ವಿಷಯದಲ್ಲಿ ಮೆಸನ್ ಶುರುವಿನಿಂದಲೇ ಕಟ್ಟುವ ಯಂತ್ರ ಬೇರೆ, ಓಡುವ ಯಂತ್ರ ಬೇರೆ ಅಂತ ಇಟ್ಟುಕೊಂಡಿದೆ. ಕಟ್ಟುವಾಗಲೇ ಓಡಿಸಬೇಕಾದ ಒಂದು ಸಣ್ಣ ಟೂಲ್ ನಿಮ್ಮ ಪ್ರಾಜೆಕ್ಟಿನಲ್ಲಿದ್ದರೆ "ಇದು ನೇಟಿವ್" ಅಂದರೆ ಸಾಕು, ಒಂದೇ ಬಿಲ್ಡ್‌ನಲ್ಲಿ ಎರಡು ಕಂಪೈಲರ್ ಬಳಸುತ್ತೆ. ಸಿಮೇಕ್‌ನಲ್ಲಿ ಒಂದು ಬಿಲ್ಡ್‌ಗೆ ಒಂದೇ ಟೂಲ್‌ಚೈನು (ಕಂಪೈಲರ್, ಲಿಂಕರ್ ಇತ್ಯಾದಿಗಳ ಸೆಟ್ಟು). ಅದನ್ನು ಮಾಡಬೇಕಾದರೆ ಎರಡು ಸಲ ಕಾನ್ಫಿಗರ್ ಮಾಡೋ ಸರ್ಕಸ್ಸು. ಲಿಪಿಕಾರರೇ, ನಿಮ್ಮಲ್ಲಿ ಹಾಗೆ ಏನಾದರೂ ಉಂಟಾ?

ಲಿಪಿಕಾರ

ಇದೆ! ಫಾಂಟ್ ನಕ್ಷೆಗಳು (ಯಾವ ಆಸ್ಕಿ ಸರಣಿ ಯಾವ ಅಕ್ಷರ) ಟೆಕ್ಸ್ಟ್ ಫೈಲಿನಲ್ಲಿವೆ. ಒಂದು ಪುಟ್ಟ ಪ್ರೋಗ್ರಾಂ ಅದನ್ನು ಓದಿ ಸಿ++ ಟೇಬಲ್ ಬರೆದುಕೊಡುತ್ತೆ. ಅದು ಸಿ++ನಲ್ಲೇ ಇದೆ.

ಹಳೇಮೇಕು

ಅದನ್ನು ಪೈಥಾನ್‌ನಲ್ಲಿ ಬರೆದುಬಿಡಿ. ಅಥವಾ ತಯಾರಾದ ಟೇಬಲನ್ನೇ ಗಿಟ್‌ಗೆ ಹಾಕಿ, ನಕ್ಷೆ ಬದಲಾದಾಗ ಮಾತ್ರ ಮತ್ತೆ ತಯಾರಿಸಿ. ಎಲ್ಲಕ್ಕೂ ಬಿಲ್ಡ್ ವ್ಯವಸ್ಥೆಯೇ ಉತ್ತರ ಕೊಡಬೇಕಿಲ್ಲ.

ಕಡಲತಡಿ

ಆಂಡ್ರಾಯ್ಡ್ ಕಡೆಯಿಂದ ನಾನು ಹೇಳ್ತೇನೆ, ಅದು ನನ್ನ ಹೊಟ್ಟೆಪಾಡು. ಆಂಡ್ರಾಯ್ಡ್ ಸ್ಟುಡಿಯೊದ ಬಿಲ್ಡ್ ಟೂಲಾದ ಗ್ರೇಡಲ್ ಒಳಗಿಂದ ನೇರ ಕರೆಯಲಿಕ್ಕೆ ಆಗೋದು ಸಿಮೇಕ್ ಮತ್ತು ಅವರದ್ದೇ ಎನ್‌ಡಿಕೆ-ಬಿಲ್ಡ್. ಎನ್‌ಡಿಕೆ (ಆಂಡ್ರಾಯ್ಡ್‌ಗೆ ಸಿ, ಸಿ++ ಕೋಡ್ ಕಟ್ಟುವ ಕಿಟ್ಟು) ಜೊತೆ ಸಿಮೇಕ್ ಟೂಲ್‌ಚೈನ್ ಫೈಲ್ ಬರ್ತದೆ, ಅದನ್ನು ತೋರಿಸಿದರೆ ನಾಲ್ಕೂ ಎಬಿಐಗೆ (ಪ್ರೊಸೆಸರ್ ಬಗೆಗೆ) ಕಟ್ಟಿಕೊಡ್ತದೆ. ಮೆಸನ್ ಆಗುವುದಿಲ್ಲ ಅಂತಲ್ಲ ಮಾರಾಯ್ರೇ. ಕ್ರಾಸ್ ಫೈಲ್ (ಗುರಿ ಯಂತ್ರದ ವಿವರ) ನೀವೇ ಬರೆದು, ಎಬಿಐಗೆ ಒಂದರಂತೆ ಕಟ್ಟಿ, ತಯಾರಾದ ಲೈಬ್ರರಿಯನ್ನು ಗ್ರೇಡಲ್‌ಗೆ ಕೊಡಬೇಕು. ನಿಮಗೆ ಆಗ್ತದೆ. ನಿಮ್ಮ ಲೈಬ್ರರಿ ಬಳಸುವ ಆ ಆ್ಯಪಿನವರಿಗೆ? ಅವರು ನಿಮ್ಮ ಸೋರ್ಸ್ ಫೋಲ್ಡರನ್ನು ಸಬ್‌ಡೈರೆಕ್ಟರಿ ಅಂತ ಸೇರಿಸಿ ಮುಗಿಸಲಿಕ್ಕೆ ನೋಡ್ತಾರೆ.

ಇನ್ನೊಂದು, ಆಂಡ್ರಾಯ್ಡ್ 15 ಗುರಿಯಾಗಿಟ್ಟ ಆ್ಯಪುಗಳ ನೇಟಿವ್ ಲೈಬ್ರರಿಗಳು 16 ಕೆಬಿ ಮೆಮೊರಿ ಪುಟಗಾತ್ರಕ್ಕೆ ಹೊಂದಬೇಕು ಅಂತ ಪ್ಲೇ ಸ್ಟೋರ್ ನಿಯಮ ಬಂದಿದೆ. ಎನ್‌ಡಿಕೆ ಆರ್28ರಿಂದ ಅದು ತಾನಾಗಿಯೇ ಆಗ್ತದೆ. ಹಳೇದು ಬಳಸಿದರೆ ಲಿಂಕರ್‌ಗೆ ನೀವೇ ಹೇಳಬೇಕು. ಕೈಯಲ್ಲಿ ಬರೆದ ಕ್ರಾಸ್ ಫೈಲಿನಲ್ಲಿ ಇಂಥದ್ದೇ ಮರೆತುಹೋಗುವುದು.

ಹುಬ್ಳಿ_ಹುಡ್ಗ

ಈಗ ಕನ್ನಡದೋರಿಗೆ ಬಡಿಯೋ ಒಂದು ವಿಷಯ. ಇದನ್ನ ಯಾವ ಇಂಗ್ಲಿಷ್ ಬ್ಲಾಗಿನ್ಯಾಗೂ ನಿಮಗಂತ ಬರದಿರಾಂಗಿಲ್ಲ.

ನಿಮ್ಮ ಸೋರ್ಸ್‌ನ್ಯಾಗ ಕನ್ನಡ ಅಕ್ಷರ ಐತಿ, ಟೇಬಲ್ ತುಂಬ ಅದ. ವಿಷುಯಲ್ ಸ್ಟುಡಿಯೊದ ಎಂಎಸ್‌ವಿಸಿ ಕಂಪೈಲರ್ ಬಿಒಎಂ (ಫೈಲ್ ಶುರುವಿನ ಯೂನಿಕೋಡ್ ಗುರುತು) ಇಲ್ಲದ ಫೈಲನ್ನ ಆ ಯಂತ್ರದ ಕೋಡ್‌ಪೇಜ್ (ಹಳೇ ಅಕ್ಷರ ಸಂಕೇತ) ಅಂತ ತಿಳಕೊಂಡು ಓದತೈತಿ. ಸಾದಾ ಸ್ಟ್ರಿಂಗು ಬೈಟ್ ಬೈಟಾಗಿ ದಾಟಿ ಹೋಗಬಹುದು, ಹಿಂಗಾಗಿ ಮೊದಲಿಗೆ ಏನೂ ಗೊತ್ತಾಗಾಂಗಿಲ್ಲ. ವೈಡ್ ಸ್ಟ್ರಿಂಗು, ಯು8 ಸ್ಟ್ರಿಂಗು ಹಾಕಿದ್ರಿ ಅಂದ್ರ ಕಸ ಆಗಿ ಬರತೈತಿ. ಇದಕ್ಕ ಯುಟಿಎಫ್-8 ಅನ್ನೋ ಕಂಪೈಲರ್ ಆಯ್ಕೆ ಐತಿ. ಮೆಸನ್ ಅದನ್ನ ತಾನ ಹಾಕತೈತಿ. ಸಿಮೇಕ್ ಹಾಕಾಂಗಿಲ್ಲ, ನೀವ ಬರೀಬೇಕು.

ಇದರಾಗ ಒಂದು ಮೋಸ ಐತಿ ನೋಡ್ರಿ. ಕ್ಯೂಟಿ 6 ತನ್ನ ಜೋಡಿ ಲಿಂಕ್ ಆಗೋ ಟಾರ್ಗೆಟ್‌ಗೆ (ಕಟ್ಟೋ ಪ್ರೋಗ್ರಾಂ ಇಲ್ಲಾ ಲೈಬ್ರರಿಗೆ) ಆ ಆಯ್ಕೆನ ತಾನ ಕೊಡತೈತಿ. ಅಂದ್ರ ನಿಮ್ಮ ವಿಂಡೋ ಆ್ಯಪ್‌ನ್ಯಾಗ ಕನ್ನಡ ಸರಿ ಬರತೈತಿ. ಕ್ಯೂಟಿ ಇಲ್ಲದ ಲೈಬ್ರರಿ, ಕಮಾಂಡ್ ಲೈನ್ ಟೂಲು ಎರಡರಾಗ ಕೆಡತೈತಿ. ಒಂದ ರೆಪೊ, ಒಂದ ಕಂಪೈಲರ್, ಎರಡು ನಡತಿ. ಹುಡುಕಿ ಹುಡುಕಿ ತಲಿ ಕೆಡತೈತಿ.

ಅದರ ಜೋಡಿ ಫೈಲ್ ಹೆಸರಿನ ಕಥಿ. ವಿಂಡೋಸ್‌ನ್ಯಾಗ ಕನ್ನಡ ಲೊಕೇಲ್ ಅನ್ನೋದು ಯೂನಿಕೋಡ್ ಮಾತ್ರ, ಹಳೇ ಎಎನ್‌ಎಸ್‌ಐ ಕೋಡ್‌ಪೇಜ ಇಲ್ಲ. "ಅರ್ಜಿ.ಟಿಎಕ್ಸ್‌ಟಿ" ಅನ್ನೋ ಫೈಲನ್ನ ಫೈಲ್ ತಗಿಯೋ ಸಾದಾ ಎಫ್‌ಓಪನ್ ಫಂಕ್ಷನ್‌ಗೆ ಕೊಟ್ರ ತಗಿಯಾಂಗಿಲ್ಲ. ವಿಂಡೋಸ್ 10ರ 1903 ಆವೃತ್ತಿಯಿಂದ ಪ್ರೋಗ್ರಾಮಿನ ವಿವರ ಇರೋ ಮ್ಯಾನಿಫೆಸ್ಟ್‌ನ್ಯಾಗ ಯುಟಿಎಫ್-8 ಅಂತ ಬರೆದ್ರ ತಗಿತೈತಿ. ಸಿಮೇಕ್‌ನ್ಯಾಗ ಮ್ಯಾನಿಫೆಸ್ಟ್ ಫೈಲನ್ನ ಸೋರ್ಸ್ ಪಟ್ಟಿಗೆ ಸೇರಿಸಿದ್ರ ಮುಗೀತು. ಮೆಸನ್‌ನ್ಯಾಗ ರಿಸೋರ್ಸ್ ಫೈಲಿನ ಮೂಲಕ ಸುತ್ತಿ ಹೋಗಬೇಕು. ಒಂದರಾಗ ಇವ್ರು ಗೆದ್ರ ಇನ್ನೊಂದರಾಗ ಅವ್ರು.

ಲಿಪಿಕಾರ

ಅಬ್ಬಾ. "ವಿಂಡೋ ಆ್ಯಪಲ್ಲಿ ಸರಿ ಬರುತ್ತೆ, ಕಮಾಂಡ್ ಲೈನಲ್ಲಿ ಪ್ರಶ್ನೆಚಿಹ್ನೆ ಬರುತ್ತೆ" ಅಂತ ಒಂದು ದೂರು ನಮ್ಮಲ್ಲಿ ತುಂಬಾ ದಿನದಿಂದ ತೆರೆದೇ ಇದೆ. ಬಹುಶಃ ಇದೇ ಇರಬೇಕು. ಧನ್ಯವಾದ ರೀ.

ಈಗ ಐಸಿಯು ಬಗ್ಗೆ ಕೇಳ್ತೀನಿ. ಅದನ್ನು ಎಲ್ಲ ಕಡೆ ಹುಡುಕೋದು ಯಾವುದರಲ್ಲಿ ಸುಲಭ?

ಮ್ಯೂನಿಕ್_ಮೈಸೂರು

ಸಿಮೇಕ್ 3.7ರಿಂದ ಐಸಿಯು ಹುಡುಕುವ ಮಾಡ್ಯೂಲ್ ಜೊತೆಗೇ ಬರುತ್ತೆ. ಮೆಸನ್ ಪಿಕೆಜಿ-ಕಾನ್ಫಿಗ್ ಕೇಳುತ್ತೆ, ಅದಿಲ್ಲದಿದ್ದರೆ ಸಿಮೇಕ್‌ನನ್ನೇ ಕೇಳುವ ದಾರಿಯೂ ಇದೆ. ಹುಡುಕೋದು ಎರಡರಲ್ಲೂ ಸಲೀಸು.

ಕಷ್ಟ ಇರೋದು ಐಸಿಯುವನ್ನೇ ಕಟ್ಟೋದರಲ್ಲಿ. ಅದು ಇನ್ನೂ ಆಟೋಕಾನ್ಫ್‌ನ ಕಾನ್ಫಿಗರ್ ಸ್ಕ್ರಿಪ್ಟ್ ಬಳಸುತ್ತೆ. ಕ್ರಾಸ್ ಕಂಪೈಲ್ ಮಾಡಬೇಕಾದರೆ ಮೊದಲು ನಿಮ್ಮ ಯಂತ್ರಕ್ಕೆ ಪೂರ್ತಿ ಕಟ್ಟಿ, ಆ ಫೋಲ್ಡರನ್ನು ತೋರಿಸಿ ಎರಡನೇ ಸಲ ಗುರಿ ಯಂತ್ರಕ್ಕೆ ಕಟ್ಟಬೇಕು. ಕಟ್ಟುವಾಗ ಅದು ತನ್ನದೇ ಟೂಲುಗಳನ್ನು ಓಡಿಸಿ ದತ್ತಾಂಶ ತಯಾರಿಸುತ್ತೆ, ಅದಕ್ಕೆ. ವಿಂಡೋಸ್‌ನಲ್ಲಿ ವಿಸಿಪಿಕೆಜಿ (ಲೈಬ್ರರಿ ಇಳಿಸಿ ಕಟ್ಟುವ ಟೂಲು) ಬಳಸಿದರೆ ಎಂಎಸ್‌ವೈಎಸ್2 (ವಿಂಡೋಸ್‌ನಲ್ಲಿ ಓಡುವ ಯುನಿಕ್ಸ್ ಟೂಲುಗಳು) ಇಳಿಸಿಕೊಂಡು ಕಟ್ಟುತ್ತೆ, ಕಾಫಿ ಕುಡಿದು ಬನ್ನಿ. ಕಟ್ಟಿದ ಮೇಲೆ ದತ್ತಾಂಶವೇ 30 ಎಂಬಿ ಆಸುಪಾಸು. ಆಂಡ್ರಾಯ್ಡ್ ಆ್ಯಪಿಗೆ ಅದನ್ನು ಸೇರಿಸಿ ಕೊಟ್ಟರೆ ನಿಮ್ಮನ್ನು ಮತ್ತೆ ಮಾತಾಡಿಸಲ್ಲ.

ಐಸಿಯು ನಿಮಗೆ ಯಾಕೆ ಬೇಕು ಅಂತ ಕೇಳಬಹುದಾ?

ಲಿಪಿಕಾರ

ನಾರ್ಮಲೈಸೇಷನ್‌ಗೆ, ಅಂದರೆ ಒಂದೇ ಅಕ್ಷರ ಬೇರೆ ಬೇರೆ ಥರ ಕೂತಿದ್ದರೆ ಒಂದೇ ರೂಪಕ್ಕೆ ತರೋಕೆ. ಆಸ್ಕಿ ಫಾಂಟುಗಳಲ್ಲಿ ದೀರ್ಘದ ಗುರುತು ಬೇರೆಯೇ ಅಚ್ಚು, ಕೊಂಬು ಬೇರೆ, ಎತ್ವ ಬೇರೆ. ನಕ್ಷೆ ಪ್ರಕಾರ ಹಾಗೇ ಬದಲಿಸಿದರೆ ಓತ್ವ 0ಸಿಸಿ6, 0ಸಿಸಿ2, 0ಸಿಡಿ5 ಅಂತ ಮೂರು ಯೂನಿಕೋಡ್ ಸಂಖ್ಯೆಗಳ ತುಂಡಾಗಿ ಬರುತ್ತೆ. ಕಣ್ಣಿಗೆ ಸರಿ ಕಾಣುತ್ತೆ, ಹುಡುಕಿದರೆ ಸಿಗಲ್ಲ. ಎನ್‌ಎಫ್‌ಸಿ (ತುಂಡುಗಳನ್ನು ಕೂಡಿಸುವ ನಾರ್ಮಲೈಸೇಷನ್) ಮಾಡಿದರೆ 0ಸಿಸಿಬಿ ಅಂತ ಒಂದೇ ಆಗುತ್ತೆ. ಅದರ ಜೊತೆ ಅಕ್ಷರ ಗುಂಪುಗಳನ್ನು ಎಣಿಸೋಕೂ ಬಳಸುತ್ತೇವೆ. ಅಷ್ಟೇ.

ಹಳೇಮೇಕು

ಅಷ್ಟಕ್ಕೆ ಐಸಿಯುವಾ! ಯುಟಿಎಫ್8ಪ್ರಾಕ್ ನೋಡಿ. ಸಿ ಭಾಷೆಯ ಪುಟ್ಟ ಲೈಬ್ರರಿ, ಜೂಲಿಯಾ ಭಾಷೆಯವರು ನೋಡಿಕೊಳ್ಳುತ್ತಿದ್ದಾರೆ. ಎನ್‌ಎಫ್‌ಸಿ ಇದೆ, ಗ್ರಾಫೀಮ್ (ಅಕ್ಷರ ಗುಂಪಿನ) ಗಡಿ ಇದೆ. ಸೋರ್ಸನ್ನೇ ನಿಮ್ಮ ರೆಪೊ ಒಳಗೆ ಇಟ್ಟುಕೊಳ್ಳಬಹುದು. ಅದರಲ್ಲೇ ಸಿಮೇಕ್ ಫೈಲೂ ಇದೆ.

ಇನ್ನು ಹಾರ್ಫ್‌ಬಜ್, ಫ್ರೀಟೈಪ್ ಎರಡೂ ಪ್ರಿವ್ಯೂಗೆ ತಾನೇ? ಕ್ಯೂಟಿ ಒಳಗೇ ಹಾರ್ಫ್‌ಬಜ್ ಇದೆ, ಒತ್ತಕ್ಷರವನ್ನೆಲ್ಲ ಅದೇ ಕೂರಿಸಿ ಕೊಡುತ್ತೆ. ನಿಮ್ಮ ಲೈಬ್ರರಿಗೆ ಚಿತ್ರ ಬಿಡಿಸೋ ಕೆಲಸವೇ ಇಲ್ಲ. ಮೂರೂ ಅವಲಂಬನೆ ಹೋದವು. ಈಗ ಸಿಮೇಕೋ ಮೆಸನ್ನೋ ಅಂತ ಮತ್ತೆ ಯೋಚಿಸಿ, ಪ್ರಶ್ನೆಯ ತೂಕ ಅರ್ಧ ಇಳಿದಿರುತ್ತೆ.

ಪ್ಯಾಕೇಜುಪೆಟ್ಟಿಗೆ

ರೆಪೊ ಒಳಗೆ ಇಟ್ಟುಕೊಂಡರೂ "ಸಿಸ್ಟಂನಲ್ಲಿರುವುದನ್ನು ಬಳಸು" ಅನ್ನೋ ಆಯ್ಕೆ ದಯವಿಟ್ಟು ಇಡಿ. ಅದರಲ್ಲಿ ಭದ್ರತಾ ದೋಷ ಸಿಕ್ಕಿದಾಗ ಒಂದೇ ಪ್ಯಾಕೇಜ್ ಸರಿಪಡಿಸೋಣ, ಹತ್ತು ಪ್ರತಿ ಹುಡುಕೋದು ಬೇಡ.

ಹೊಸಬ_ಬೆಂಗ್ಳೂರು

ಆಟೋಟೂಲ್ಸ್ ಸೇಫ್ ಅಲ್ಲ, ಎಕ್ಸ್‌ಝಡ್ (ಫೈಲ್ ಕುಗ್ಗಿಸೋ ತಂತ್ರಾಂಶ) ಒಳಗಿನ ಬ್ಯಾಕ್‌ಡೋರ್, ಅಂದ್ರೆ ಕಳ್ಳಬಾಗಿಲು, ಅದರಿಂದಲೇ ಬಂತು, ಹಾಗಾಗಿ ಸಿಮೇಕ್ ಸೇಫ್ ಅಂತ ನಮ್ಮ ಕಾಲೇಜಲ್ಲಿ ಒಬ್ರು ಸೀನಿಯರ್ ಹೇಳಿದ್ರು. ನಿಜಾನಾ?

ಪ್ಯಾಕೇಜುಪೆಟ್ಟಿಗೆ

ಅರ್ಧ ನಿಜ. 2024ರ ಮಾರ್ಚ್ 29ಕ್ಕೆ ಅದು ಬಯಲಾದ ವಾರ ನಾವ್ಯಾರೂ ಸರಿಯಾಗಿ ನಿದ್ದೆ ಮಾಡಿಲ್ಲ. ಎಕ್ಸ್‌ಝಡ್ 5.6.0 ಮತ್ತು 5.6.1ರ ಬಿಡುಗಡೆ ಟಾರ್‌ಬಾಲಿನಲ್ಲಿ (ಸೋರ್ಸನ್ನೆಲ್ಲ ಒಟ್ಟು ಕಟ್ಟಿಟ್ಟ ಫೈಲು) ಆಟೋಕಾನ್ಫ್ ಬಳಸುವ ಒಂದು ಎಂ4 ಮ್ಯಾಕ್ರೋ ಫೈಲಿತ್ತು, ಗಿಟ್‌ನಲ್ಲಿ ಇರಲಿಲ್ಲ. ಕಾನ್ಫಿಗರ್ ಓಡುವಾಗ ಅದು ಪರೀಕ್ಷಾ ಫೈಲುಗಳ ಒಳಗೆ ಬಚ್ಚಿಟ್ಟ ಕೋಡನ್ನು ಬಿಚ್ಚಿ ಸೇರಿಸುತ್ತಿತ್ತು. ಆಟೋಟೂಲ್ಸ್ ಲೋಕದಲ್ಲಿ ಟಾರ್‌ಬಾಲು ಬೇರೆ, ಗಿಟ್ ಬೇರೆ ಇರೋದು ಮಾಮೂಲು. ತಯಾರಾದ ಸ್ಕ್ರಿಪ್ಟು ಸಾವಿರಾರು ಸಾಲು, ಯಾರು ಓದುತ್ತಾರೆ? ಅಲ್ಲಿಯವರೆಗೆ ನಿನ್ನ ಸೀನಿಯರ್ ಹೇಳಿದ್ದು ಸರಿ.

ಆದರೆ ಅದೇ ಪ್ರಾಜೆಕ್ಟಿನ ಸಿಮೇಕ್ ಫೈಲಿನಲ್ಲೂ ಕೈಯಾಡಿಸಿದ್ದರು. ಲ್ಯಾಂಡ್‌ಲಾಕ್ ಅನ್ನೋ ಭದ್ರತಾ ಸೌಲಭ್ಯ ಇದೆಯಾ ಅಂತ ನೋಡುವ ಪರೀಕ್ಷಾ ಕೋಡಿನಲ್ಲಿ ಒಂದೇ ಒಂದು ಚುಕ್ಕಿ ಸೇರಿಸಿದ್ದರು. ಆ ಚುಕ್ಕಿಯಿಂದ ಪರೀಕ್ಷೆ ಯಾವತ್ತೂ ಕಂಪೈಲ್ ಆಗಲ್ಲ, ಸೌಲಭ್ಯ ಯಾವತ್ತೂ ಆನ್ ಆಗಲ್ಲ. ಮೇಲೆ ಜಿಸಿಸಿ 14ರ ಬಗ್ಗೆ ಹೇಳಿದೆನಲ್ಲ, ಅದೇ ಬಿರುಕು: "ಕಂಪೈಲ್ ಆಗದಿದ್ದರೆ ಇಲ್ಲ ಅಂತ ಅರ್ಥ" ಅನ್ನೋ ನಿಯಮ. ಅದು ಸಿಮೇಕ್, ಮೆಸನ್ ಎರಡರಲ್ಲೂ ಇದೆ. ಬೇಕೇಬೇಕಾದ ಸೌಲಭ್ಯ ಇದೆಯಾ ಅಂತ ಬರೀ ನೋಡಿ ಮುಂದೆ ಹೋಗಬೇಡಿ, ಅದು ಸಿಗದಿದ್ದರೆ ಬಿಲ್ಡ್ ನಿಲ್ಲಿಸಿ.

ಅದನ್ನು ಪತ್ತೆ ಹಚ್ಚಿದ ಆಂದ್ರೆಸ್ ಫ್ರೋಯ್ಂಡ್ ಅವರೇ ಪೋಸ್ಟ್‌ಗ್ರೆಸ್‌ಗೆ ಮೆಸನ್ ತಂದವರು. ಇದು ಕಾಕತಾಳೀಯ, ಆದರೂ ನನಗೆ ಹೇಳೋಕೆ ಖುಷಿ.

ಲಿಪಿಕಾರ

ಪೋಸ್ಟ್‌ಗ್ರೆಸ್ ಹೇಗೆ ಮಾಡಿತು? ಹಳೇದನ್ನು ಒಮ್ಮೆಗೇ ಬಿಟ್ಟರಾ?

ಮ್ಯೂನಿಕ್_ಮೈಸೂರು

ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಬಂದ 16ನೇ ಆವೃತ್ತಿಯಲ್ಲಿ ಮೆಸನ್ ಸೇರಿತು, ಆಟೋಕಾನ್ಫ್ ಮತ್ತು ಮೇಕ್ ಹಾಗೇ ಉಳಿದವು. 17ರಲ್ಲಿ ವಿಂಡೋಸ್‌ಗೆಂದೇ ಇದ್ದ ಪರ್ಲ್ ಸ್ಕ್ರಿಪ್ಟುಗಳ ಬಿಲ್ಡನ್ನು ತೆಗೆದರು. ಅವರಿಗೆ ದೊಡ್ಡ ಲಾಭ ಅದೇ. ಗಿಟ್ ಕೂಡ ಈಗ ಮೆಸನ್ ಸೇರಿಸಿದೆ, ಮೇಕ್‌ಫೈಲ್ ಬಿಟ್ಟಿಲ್ಲ. ಕರ್ಲ್‌ನಲ್ಲಿ ಆಟೋಟೂಲ್ಸೂ ಸಿಮೇಕೂ ಇವೆ, ಕನ್ನಡ ಒಸಿಆರ್‌ಗೆ ನಾವು ಬಳಸುವ ಟೆಸರಾಕ್ಟ್‌ನಲ್ಲೂ ಹಾಗೇ.

ಹಳೇಮೇಕು

ಅವರ ಹತ್ತಿರ ಜನ ಇದ್ದಾರೆ. ಇಬ್ಬರೇ ಇರುವ ಕಡೆ ಎರಡು ದೋಣಿ ಮೇಲೆ ಕಾಲಿಟ್ಟರೆ ಗೊತ್ತಲ್ಲ. ಹೊಸದು ಓಡಿದ ದಿನವೇ ಹಳೇದನ್ನು ಅಳಿಸಿ, ಗಿಟ್ ಇತಿಹಾಸದಲ್ಲಿ ಇರುತ್ತೆ.

ಇಷ್ಟ, ರುಚಿ ಅಂತ ಆರಿಸಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಕೆಡಿಇ ಕಥೆ ನೋಡಿ. 2005ರಲ್ಲಿ ಅವರು ಆಟೋಟೂಲ್ಸ್ ಬಿಟ್ಟು ಪೈಥಾನ್ ಆಧಾರಿತ ಎಸ್‌ಕಾನ್ಸ್‌ಗೆ ಹೋಗೋಣ ಅಂತ ಹೊರಟರು. ಅಷ್ಟು ದೊಡ್ಡ ಕೋಡಿಗೆ ಅದು ಹೊಂದಲಿಲ್ಲ, 2006ರಲ್ಲಿ ಸಿಮೇಕ್‌ಗೆ ತಿರುಗಿದರು. ಸಿಮೇಕ್ ಮಾಡುವ ಕಿಟ್‌ವೇರ್‌ನವರು ಅವರ ತೊಂದರೆಗಳನ್ನು ಕೂತು ಬಗೆಹರಿಸಿಕೊಟ್ಟರು. ಸಿಮೇಕ್ ಹುಟ್ಟಿದ್ದೇ 2000ರ ಸುಮಾರಿಗೆ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಹಣ ಕೊಟ್ಟ ಐಟಿಕೆ ಅನ್ನೋ ವೈದ್ಯಕೀಯ ಚಿತ್ರಗಳ ಟೂಲ್‌ಕಿಟ್ಟಿಗಾಗಿ. ವಿಂಡೋಸ್‌ನಲ್ಲೂ ಯುನಿಕ್ಸ್‌ನಲ್ಲೂ ಕಟ್ಟಲೇಬೇಕು ಅನ್ನೋ ಹಟ ಮೊದಲ ದಿನದಿಂದ ಇತ್ತು. ಆ ಕಾಲದ ವಾಸನೆ ಭಾಷೆಯಲ್ಲಿ ಇನ್ನೂ ಇದೆ, ಅದಕ್ಕೇನೂ ಮಾಡೋಕಾಗಲ್ಲ.

ಎಸ್‌ಕಾನ್ಸ್ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ. ಗೋಡೋ ಗೇಮ್ ಎಂಜಿನ್ ಇವತ್ತಿಗೂ ಅದರಲ್ಲೇ ಇದೆ.

ಕಡಲತಡಿ

ಸಿಮೇಕ್ ಆದರೆ ಒಂದು ಮಾತು: ಹಳೇ ಪಾಠಗಳನ್ನು ನೋಡಿ ಬರೀಬೇಡಿ. ಜಗತ್ತಿಡೀ ಅನ್ವಯಿಸುವ ಇನ್‌ಕ್ಲೂಡ್ ಡೈರೆಕ್ಟರಿ, ಫ್ಲ್ಯಾಗ್ ವೇರಿಯಬಲ್ ಎಲ್ಲ 2.8 ಕಾಲದ್ದು. ಟಾರ್ಗೆಟ್ ಮಾಡಿ, ಬೇಕಾದ್ದನ್ನು ಆ ಟಾರ್ಗೆಟ್‌ಗೇ ಕಟ್ಟಿ. ಕನಿಷ್ಠ ಆವೃತ್ತಿ ಅಂತ ಎಲ್ಲಿಂದಲೋ 2.8 ನಕಲು ಮಾಡಿ ಹಾಕಿದರೆ 2025ರಲ್ಲಿ ಬಂದ ಸಿಮೇಕ್ 4.0 ಮುಖಕ್ಕೆ ಹೊಡೆದ ಹಾಗೆ ನಿಲ್ಲಿಸ್ತದೆ, 3.5ಕ್ಕಿಂತ ಹಿಂದಿನದ್ದನ್ನು ಅದು ಒಪ್ಪುವುದೇ ಇಲ್ಲ. ಬಿಲ್ಡ್ ಟೈಪ್ ಹೇಳದಿದ್ದರೆ ನಿಂಜದಲ್ಲಿ ಆಪ್ಟಿಮೈಸೇಷನ್ ಇಲ್ಲದೇ ಕಟ್ತದೆ, "ನಿಮ್ಮ ಟೂಲು ನಿಧಾನ" ಅಂತ ದೂರು ಬರ್ತದೆ. ಪ್ರಿಸೆಟ್ ಫೈಲಿನಲ್ಲಿ ರಿಲೀಸ್, ಡೀಬಗ್ ಎರಡನ್ನೂ ಬರೆದಿಡಿ, 3.19ರಿಂದ ಉಂಟು.

ಲಿಪಿಕಾರ

ಗೆಳೆಯರ ಜೊತೆ ಕೂತು ಮಾತಾಡಿದೆ. ಸಿಮೇಕ್‌ಗೇ ಹೋಗ್ತಿದ್ದೇವೆ. ನನಗೆ ಈಗಲೂ ಮೆಸನ್ನೇ ಇಷ್ಟ. ಬರೀ ಲಿನಕ್ಸ್ ಲೈಬ್ರರಿ ಆಗಿದ್ದರೆ ಜಗ್ಗುತ್ತಲೇ ಇರಲಿಲ್ಲ. ಕ್ಯೂಟಿ, ಆಂಡ್ರಾಯ್ಡ್, ವಿಷುಯಲ್ ಸ್ಟುಡಿಯೊ ಹುಡುಗರು, ಮೂರೂ ಒಂದೇ ಕಡೆ ಎಳೆದವು. ಐಸಿಯು ಜಾಗಕ್ಕೆ ಯುಟಿಎಫ್8ಪ್ರಾಕ್, ಹಾರ್ಫ್‌ಬಜ್ ಮತ್ತು ಫ್ರೀಟೈಪ್ ಲೈಬ್ರರಿಯಿಂದ ಹೊರಗೆ. ಟೇಬಲ್ ತಯಾರಿಸುವ ಪ್ರೋಗ್ರಾಂ ಪೈಥಾನ್‌ಗೆ ಹೋಗಿದೆ, ತಯಾರಾದ ಟೇಬಲ್ ಗಿಟ್‌ನಲ್ಲಿದೆ. ಕಾನ್ಫಿಗರ್ ತಪಾಸಣೆಗಳಲ್ಲಿ ಕೋಡ್ ನಿಜಕ್ಕೂ ಬಳಸುತ್ತಿದ್ದದ್ದು ಎರಡು.

ಪ್ಯಾಕೇಜುಪೆಟ್ಟಿಗೆ

ಬಿಡುಗಡೆಗೆ ಮುಂಚೆ ಒಂದು. ಆಟೋಟೂಲ್ಸ್‌ನಲ್ಲಿ ಲಿಬ್‌ಟೂಲ್ ಆವೃತ್ತಿ ಸಂಖ್ಯೆ ಏನು ಕೊಟ್ಟಿದ್ದಿರಿ? ಸಿಮೇಕ್‌ಗೆ ಅದೇ ಮೂರು ಅಂಕಿ ನಕಲು ಮಾಡಬೇಡಿ. ಲಿಬ್‌ಟೂಲ್‌ನದು ಕರೆಂಟ್, ರಿವಿಷನ್, ಏಜ್ ಕ್ರಮ. ಲಿನಕ್ಸ್‌ನಲ್ಲಿ ಲೈಬ್ರರಿಯ ಎಸ್‌ಒ ಸಂಖ್ಯೆ (ಹಳೇ ಪ್ರೋಗ್ರಾಂಗಳ ಜೊತೆ ಹೊಂದುತ್ತಾ ಅಂತ ಹೇಳುವ ಸಂಖ್ಯೆ) ಅಂದರೆ ಕರೆಂಟ್‌ನಿಂದ ಏಜ್ ಕಳೆದದ್ದು. ತಪ್ಪಿದರೆ ಇದರ ಮೇಲೆ ನಿಂತಿರುವ ಪ್ಯಾಕೇಜುಗಳನ್ನೆಲ್ಲ ಸುಮ್ಮಸುಮ್ಮನೆ ಮತ್ತೆ ಕಟ್ಟಬೇಕಾಗುತ್ತೆ.

ಲಿಪಿಕಾರ

5:2:3 ಇದೆ ಮೇಡಂ. ಹಾಗಾದರೆ ಎಸ್‌ಒ ಆವೃತ್ತಿ 2, ಪೂರ್ತಿ ಆವೃತ್ತಿ 2.3.2 ಅಂತ ಕೊಡಬೇಕು, ಸರಿನಾ?

ಪ್ಯಾಕೇಜುಪೆಟ್ಟಿಗೆ

ಸರಿ. ಮ್ಯಾಕ್‌ನಲ್ಲಿ ಲಿಬ್‌ಟೂಲ್ ಲೆಕ್ಕ ಬೇರೆ, ಅಲ್ಲಿ ಕರೆಂಟ್‌ಗೆ ಒಂದು ಕೂಡಿಸುತ್ತೆ. ಸಿಮೇಕ್ 3.17ರಿಂದ ಮ್ಯಾಕ್‌ಗೆ ಪ್ರತ್ಯೇಕ ಪ್ರಾಪರ್ಟಿ ಇದೆ, ಅದರಲ್ಲಿ ಹಾಕಿ.

ಹುಬ್ಳಿ_ಹುಡ್ಗ

ಬ್ರಾಂಚ್ ಎಲ್ಲೈತಿ ಹೇಳ್ರಿ. ಶನಿವಾರ ಎಂಎಸ್‌ವಿಸಿಯೊಳಗ ಕಟ್ಟಿ, ಕನ್ನಡ ಹೆಸರಿನ ಫೋಲ್ಡರ್‌ನ್ಯಾಗ ಇಟ್ಟು ನೋಡತೀನಿ.